ಮೇಡಂ ಇಟ್ಟುಕೊಂಡ ವಿರೋಧ ಪಕ್ಷ

ಅರಸೀಕೆರೆಯಲ್ಲಿ ತೆಂಗು ಬೆಳೆಗಾರರೇ ಸೇರಿ ಕಟ್ಟಿಕೊಂಡ ಒಂದು ಕಂಪನಿಯಿದೆ. ಹೆಸರಿಗೆ ನಾನು ಅಲ್ಲಿ ಕಚೇರಿ ಸಹಾಯಕಿ. ನಿಜಕ್ಕೂ ನನ್ನನ್ನು ಸೇರಿಸಿಕೊಂಡದ್ದು ಜಗಳವಾಡಲಿಕ್ಕೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳ ಬಗ್ಗೆ ಸಂದರ್ಶನದಲ್ಲಿ ಬಡಾಯಿ ಕೊಚ್ಚಿದ್ದೆ. ಕಂಪನಿ ನಡೆಸುವ ಮೇಡಂ ಕೇಳಿಸಿಕೊಂಡು, ಹಾಗಾದರೆ ಪ್ರತಿ ಶನಿವಾರ ನನ್ನ ವಿರುದ್ಧ ಮಾತಾಡು ಎಂದರು. ಅಂದಿನಿಂದ ಅವರು ಯಾವ ಯೋಜನೆ ತಂದರೂ ಮೊದಲು ನಾನು ಅದನ್ನು ಹರಿದು ಚಿಂದಿ ಮಾಡಬೇಕು. ಕಚೇರಿಯವರು ನನಗೆ ವಿರೋಧ ಪಕ್ಷ ಎಂದೇ ಹೆಸರಿಟ್ಟರು. ಸಂಬಳ ಕೊಟ್ಟು ವಾದ ಮಾಡಿಸುವ ಕೆಲಸ ಇನ್ನೆಲ್ಲಿ ಸಿಗುತ್ತದೆ ಹೇಳಿ! ಶನಿವಾರ ಬಂತೆಂದರೆ ನನಗೆ ತಿಂಡಿಯೂ ಸೇರುತ್ತಿರಲಿಲ್ಲ, ಅಷ್ಟು ಹುರುಪು.

ಒಂದೇ ಒಂದು ನಿರ್ಧಾರ ಆ ಶನಿವಾರದ ಜಗಳಕ್ಕೆ ಸಿಗದೆ ಹೋಯಿತು. ನಮ್ಮ ಕಡೆ ಕೊಬ್ಬರಿಗೆಂದು ಕಾಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟಾಗ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗಲೇ ಇಳಿಸಬೇಕು. ಪೇಟೆಯಲ್ಲಿ ಬೇಡಿಕೆ ಏರಿದ್ದು ಕಂಡು ಮೇಡಂ ಯಾರನ್ನೂ ಕೇಳದೆ, ಈಗಲೇ ಅಟ್ಟದ ಕಾಯಿ ಇಳಿಸಿ ಎಂದು ಸದಸ್ಯರಿಗೆಲ್ಲ ಹೇಳಿಕಳಿಸಿದರು. ತಿರುಳು ಚಿಪ್ಪಿಗೆ ಅಂಟಿಕೊಂಡೇ ಇತ್ತು. ಉಂಡೆಯಾಗಿ ಬರಬೇಕಾದ ಕೊಬ್ಬರಿ ಚೂರುಚೂರಾಯಿತು. ಸದಸ್ಯರು ಕೆಂಡವಾದರು. ಹಾರನಹಳ್ಳಿಯಲ್ಲಿ ಸದಸ್ಯರ ಸಭೆ ಕರೆದು, ಮೇಡಂ ಮುಂದುವರಿಯಬೇಕೋ ಬೇಡವೋ ಎಂದು ಕೈ ಎತ್ತಿ ತೀರ್ಮಾನಿಸುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ಮೇಡಂ ಬೇಲೂರಿನ ಹೋಟೆಲೊಂದರಲ್ಲಿ ನಡೆದ ನಾಯಕತ್ವದ ತರಬೇತಿಗೆ ಹೋಗಿಬಂದರು. ನಾಯಕರು ತಮ್ಮತನ ಬಿಡಬಾರದು ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ಸಭೆಯ ಹಿಂದಿನ ದಿನ, ಶನಿವಾರ, ತಮ್ಮ ಭಾಷಣವನ್ನು ನನ್ನ ಮುಂದೆ ಒಪ್ಪಿಸಿದರು. ಅದರ ಸಾರ ಇಷ್ಟೇ: ನಾನು ಇರೋದೇ ಹೀಗೆ, ಧೈರ್ಯವಾಗಿ ನಿರ್ಧಾರ ತೆಗೆದುಕೊಳ್ಳುವವಳು, ಬೇಕಾದರೆ ಇಟ್ಟುಕೊಳ್ಳಿ.

ನನಗೆ ಹಬ್ಬ. ಸ್ಕೂಲಲ್ಲಿ ಮಗ್ಗಿ ತಪ್ಪು ಹೇಳುತ್ತಿದ್ದೆ ಎನ್ನುತ್ತೀರಲ್ಲ, ಆ ನೀವು ನಿಜವೋ, ಈಗ ಕಂಪನಿ ನಡೆಸುವ ನೀವು ನಿಜವೋ ಎಂದು ಶುರುಮಾಡಿದೆ. ಆಗ ಬದಲಾಗಿದ್ದು ತಮ್ಮತನ ಬಿಟ್ಟಂತೆ ಆಗಲಿಲ್ಲ, ಈಗ ಬದಲಾದರೆ ಮಾತ್ರ ಯಾಕೆ ಆಗಬೇಕು? "ನಾನು ಇರೋದೇ ಹೀಗೆ ಅನ್ನೋದು ಪ್ರಾಮಾಣಿಕತೆ ಅಲ್ಲ ಮೇಡಂ. ಬದಲಾಗೋ ಕೆಲಸಕ್ಕೆ ಬರೆದ ರಜೆ ಚೀಟಿ."

ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ಭಾಷಣದ ಹಾಳೆ ಮಡಚಿಟ್ಟರು.

"ನಾಳೆ ಅಲ್ಲೂ ನನ್ನ ವಿರುದ್ಧ ಮಾತಾಡ್ತೀಯೇನೇ?"

ಮಾತಾಡಿದೆ. ಹಾರನಹಳ್ಳಿಯ ಸಮುದಾಯ ಭವನ ಕಿಕ್ಕಿರಿದಿತ್ತು. ಒಡೆದ ಕೊಬ್ಬರಿಯಿಂದ ಹಿಡಿದು ಯಾರನ್ನೂ ಕೇಳದ ಹಟದವರೆಗೆ ಒಂದೊಂದಾಗಿ ಇಟ್ಟೆ. ಅವಸರ ಇವರ ಸ್ವಭಾವ, ಅದು ಬದಲಾಗುತ್ತದೆ ಅನ್ನಲು ಸಾಕ್ಷಿ ಏನು ಎಂದು ಮುಗಿಸಿದೆ. ಚಪ್ಪಾಳೆಯೇನೋ ಬಿತ್ತು. ಕೂರುವಾಗ ಮಾತ್ರ, ಈ ಚಪ್ಪಾಳೆ ಮೇಡಂ ಕೆಲಸವನ್ನೇ ಕಿತ್ತುಕೊಂಡರೆ ಎಂಬ ಯೋಚನೆ ಬಂತು.

ಮೇಡಂ ಎದ್ದರು.

"ಇವಳು ಹೇಳಿದ್ದೆಲ್ಲ ಸರಿ, ಒಂದು ಬಿಟ್ಟು. ಅವಸರ ನನ್ನ ಸ್ವಭಾವ ಅಲ್ಲ ಕಣ್ರೀ, ಅದು ಹೆದರಿಕೆ. ನಾನು ಸುಮ್ನೆ ಕೂತ್ರೆ, ಈ ಮೇಡಂನ ಯಾಕೆ ಇಟ್ಕೊಂಡಿದೀವಿ ಅಂತ ನೀವು ಕೇಳ್ತೀರ ಅನ್ನಿಸ್ತು. ಅದಕ್ಕೇ ಇಳ್ಸಿ ಅಂದೆ. ಧೈರ್ಯ ಅಂತ ಹೆಸರಿಟ್ಕೊಂಡಿದ್ದೆ."

ಇದು ನನ್ನ ಯಾವ ವಾದದಲ್ಲೂ ಇರಲಿಲ್ಲ! ಕಣಕಟ್ಟೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು.

"ಮುಂದ್ಲ ಸಲ ಹೆದ್ರಿಕೆ ಆದ್ರೆ ಏನ್ ಮಾಡ್ತೀಯವ್ವ?"

"ಮೊದ್ಲು ನಿಮ್ಮ ಅಟ್ಟಕ್ಕೆ ಬತ್ತೀನಿ. ಕಾಯಿ ಅಲ್ಲಾಡ್ಸಿ ಕೇಳ್ತೀನಿ. ಆಮೇಲೆ ಮಾತು."

'ಬತ್ತೀನಿ' ಎಂಬ ಹಳ್ಳಿ ಮಾತನ್ನು ಮೇಡಂ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಾಟಕವೇನೋ ಎಂದು ಮುಖ ನೋಡಿದೆ. ನನ್ನ ಬುದ್ಧಿಯೇ ಅಂಥದ್ದು. ಅವರಿಗೆ ತಾವು ಹಾಗೆಂದ ಪರಿವೆಯೇ ಇರಲಿಲ್ಲ.

"ಹಂಗಾರೆ ಕೈ ಎತ್ತೀನಿ. ಆದ್ರೆ ಆ ಬಾಯ್ಬಡ್ಕಿ ಹುಡ್ಗೀನೂ ಕರ್ಕಂಡ್ ಬಾ. ನಿನ್ ಕಿವಿ ಒಂದನ್ನೇ ನಂಬಕ್ಕಾಗಕಿಲ್ಲ."

ಭವನ ನಗುವಿನಲ್ಲಿ ಮುಳುಗಿತು. ಆ ಹಿರಿಯರ ಕೈ ಹಿಂದೆಯೇ ಹೆಚ್ಚಿನ ಕೈಗಳು ಮೇಲೆದ್ದವು. ಕೆಲವು ಏಳಲಿಲ್ಲ. ಆ ಮುಖಗಳನ್ನೂ ಮೇಡಂ ಒಂದೊಂದಾಗಿ ನೋಡಿದರು.

ಮುಂದಿನ ಶನಿವಾರದ ಜಗಳ ಕಚೇರಿಯಲ್ಲಿ ನಡೆಯಲಿಲ್ಲ. ಕಣಕಟ್ಟೆಯ ಆ ಹಿರಿಯರ ಅಟ್ಟದಲ್ಲಿ, ಧೂಳಿನ ನಡುವೆ ಮೇಡಂ ಇಳಿಸದೆ ಉಳಿದಿದ್ದ ಒಂದು ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಆಗಿದೆ ಎಂದರು. ಆಗಿಲ್ಲ ಎಂದೆ, ಕೆಲಸವೇ ಅದಲ್ಲವೇ. ಅವರು ಕಾಯನ್ನು ನನ್ನ ಕೈಗಿಟ್ಟು, ಯಾಕೆ ಆಗಿಲ್ಲ ಹೇಳು ಎಂದರು. ಕಿವಿಗಿಟ್ಟುಕೊಂಡೆ. ಏಣಿಯತ್ತ ತಿರುಗದೆ, ಅವರು ನನ್ನ ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು.