ನೀರು ಬಿದ್ದರೆ ಸಾಕು

ಪಾಚಿ, ಕಲ್ಲುಹೂಗಳನ್ನು ಒಣಗಿಸಿ ಕಾಗದದ ಪೊಟ್ಟಣದಲ್ಲಿ ಕಾಯ್ದಿಡುವುದು ವಿಶ್ವವಿದ್ಯಾಲಯದ ಹರ್ಬೇರಿಯಂನಲ್ಲಿ ನನ್ನ ಕೆಲಸ. ಹೊಳೆಮಣ್ಣೂರಿಗೆ ಹೋಗಿದ್ದೂ ಅದಕ್ಕೇ. ನೆರೆಗೆ ಸಿಕ್ಕು ಪಾಳುಬಿದ್ದ ಮನೆಯೊಂದರ ಗೋಡೆ ಕೆರೆಯುತ್ತಿದ್ದಾಗ ಎದುರು ಮನೆಯ ಅಜ್ಜಿ ಬಂದಳು.

"ಪರಿಹಾರದ ಪಂಚನಾಮಿ ಮಾಡಾಕ ಬಂದೀರೇನ್ರಿ?"

"ಇಲ್ಲ ಯವ್ವಾ, ಪಾಚಿ ಒಯ್ಯಾಕ ಬಂದೀನಿ."

"ಒಣಗಿದ್ದು ತಗೊಂಡು ಏನ್ ಮಾಡ್ತೀರಿ?" ಅಜ್ಜಿ ನಕ್ಕಳು.

ನನಗೆ ಹುರುಪು ಬಂತು. ವಿದ್ಯಾರ್ಥಿಗಳಿಗೆ ತೋರಿಸುವ ಆಟವನ್ನೇ ತೋರಿಸಿದೆ. ಕರ್ರಗೆ ಮುರುಟಿದ್ದ ಚೂರೊಂದನ್ನು ಅಂಗೈಯಲ್ಲಿಟ್ಟು ಬಾಟಲಿಯಿಂದ ನೀರು ಹನಿಸಿದೆ. ನೋಡನೋಡುತ್ತ ಅದು ಬಿಚ್ಚಿಕೊಂಡು ಹಸಿರಾಯಿತು.

"ನೋಡ ಯವ್ವಾ, ಸತ್ತಂಗ ಕಾಣ್ತೈತಿ. ನೀರ ಬಿದ್ರ ಸಾಕು, ಜೀವ ಬರ್ತೈತಿ."

ಅಜ್ಜಿ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ನಾನು ಕೆರೆದ ಜಾಗದ ಮೇಲೆ ಕೈಯಿಟ್ಟಳು.

"ಇದು ನನ್ನ ಮಗಳ ಮನಿರಿ. ಹೊಳಿ ಒಯ್ತು ಆಕಿನ್ನ. ಆಕಿಗೂ ನೀರೇನ್ ಕಮ್ಮಿ ಬಿದ್ದಿರ್ಲಿಲ್ರಿ."

"ಸಾವಕಾಶ ಕೆರೀರಿ" ಎಂದಷ್ಟೇ ಹೇಳಿ ಅಜ್ಜಿ ಒಳಗೆ ಹೋದಳು.

ಹರ್ಬೇರಿಯಂ ನೋಡಲು ಬಂದವರಿಗೆ ಈಗಲೂ ಆ ಆಟ ತೋರಿಸುತ್ತೇನೆ. "ಹಸಿರಾಗುತ್ತದೆ" ಎನ್ನುತ್ತೇನೆ, ಜೀವದ ಮಾತು ಎತ್ತುವುದಿಲ್ಲ. ಆದರೆ ಆ ಗೋಡೆಯಿಂದ ತಂದ ಪಾಚಿಗೆ ನನ್ನ ಸಂಕೋಚ ಎಲ್ಲಿ ತಿಳಿಯಬೇಕು? ನೀರು ಸೋಕಿದ್ದೇ ತಡ, ಎದ್ದು ಕೂರುತ್ತದೆ.