ಪೊರ್ಬುಗಳು ನಿಂತ ಜಾಗ

ಮೊನ್ನೆ ಪಿಟೀಲಿನ ಪೆಟ್ಟಿಗೆ ತೆರೆದಾಗ ಹಳೆಯ ರಾಳದ ವಾಸನೆ ಮೂಗಿಗೆ ಬಡಿಯಿತು. ಕಮಾನಿಗೆ ತಿಕ್ಕುವ ಆ ಜೇನುಬಣ್ಣದ ತುಣುಕು ನನ್ನದಲ್ಲ. ದೋಹಾದ ಅಲ್ ಮುಂತಜಾದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಪೊರ್ಬುಗಳದ್ದು. ಮಂಗಳೂರು ಕಡೆಯ ಕ್ರೈಸ್ತರನ್ನು ನಮ್ಮಲ್ಲಿ ಹಾಗೆ ಕರೆಯುವುದು ರೂಢಿ.

ತೊಂಬತ್ತರ ದಶಕದ ಒಂದು ಶುಕ್ರವಾರ, ರಜೆಯ ಬೆಳಗ್ಗೆ, ಅವರ ಹಾಲ್‌ನಲ್ಲಿ ನಾವು ಮೂವರಿದ್ದೆವು. ಪೊರ್ಬುಗಳು ಕಿಟಕಿಯ ಬಳಿ ನಿಂತಿದ್ದರು. ನಾನು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ, ನಾವೆಲ್ಲ ಬಾಯಿ ಎನ್ನುತ್ತಿದ್ದವರು.

ಅದಕ್ಕೆ ಎರಡು ತಿಂಗಳ ಹಿಂದೆ ಕಾರಿನ ಬಾಗಿಲಿಗೆ ಸಿಕ್ಕಿ ಪೊರ್ಬುಗಳ ಎಡಗೈಯ ಉಂಗುರದ ಬೆರಳು ಜಜ್ಜಿಹೋಗಿತ್ತು. ಬೆರಳು ಮಡಚುತ್ತದೆ ಎಂದು ಡಾಕ್ಟರು ಹೇಳಿದ್ದರು. ತಂತಿ ಒತ್ತುತ್ತದೆ ಎಂದು ಹೇಳಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಇಗರ್ಜಿಯಲ್ಲಿ ಪಿಟೀಲು ನುಡಿಸಿದ ಮನುಷ್ಯ, ಪೆಟ್ಟಿಗೆ ಮುಟ್ಟುವುದನ್ನೇ ಬಿಟ್ಟಿದ್ದರು. ಅಂದು ಅದನ್ನು ಹಠ ಮಾಡಿ ತೆಗೆಸಿದವರು ಬಾಯಿ.

ಅವರಿಗೆ ನುಡಿಸಬೇಕಿದ್ದದ್ದು ಒಂದೇ ಒಂದು. ಯುರೋಪಿನ ಹಳೆಯ ಕಾಲದ ಕುಣಿತದ ಮಟ್ಟು. ಎಷ್ಟೋ ತಲೆಮಾರು ಕಳೆದ ಮೇಲೆ ಇನ್ನೊಬ್ಬ ಪುಣ್ಯಾತ್ಮ ಅದನ್ನೆತ್ತಿಕೊಂಡು ಪಿಟೀಲು, ವಯೋಲಾ ಎರಡೇ ವಾದ್ಯಗಳಿಗೆ ಎದೆ ತುಂಬಿ ಬರುವ ಹಾಗೆ ಕಟ್ಟಿದ್ದನಂತೆ. ಅದೇ ಮಟ್ಟು ಸುತ್ತಿ ಸುತ್ತಿ ಬರುತ್ತದೆ, ಪ್ರತಿ ಸುತ್ತಿಗೂ ಬೇರೆ ಉಡುಪು ತೊಟ್ಟು. ವಯೋಲಾ ಎಂದರೆ ಪಿಟೀಲಿನ ದಪ್ಪ ದನಿಯ ಅಣ್ಣ. ಅದು ನಮ್ಮಲ್ಲಿರಲಿಲ್ಲ. ನಮ್ಮ ಕರ್ನಾಟಕ ಪದ್ಧತಿಯಲ್ಲಿ ಶ್ರುತಿ ಇಳಿಸಿಕೊಳ್ಳುವುದರಿಂದ ನನ್ನ ಪಿಟೀಲೇ ಅಣ್ಣನಾಯಿತು. ಅವರ ನೊಟೇಶನ್ ನನಗೆ ಬಾರದು. ಅವರು ಹಾಡಿ ತೋರಿಸಿದ್ದನ್ನೆಲ್ಲ ಸರಿಗಮದಲ್ಲಿ ಬರೆದುಕೊಂಡಿದ್ದೆ.

"ಮಾಷ್ಟ್ರೇ, ಸ್ವರ ಅಲುಗಾಡಿಸ್ಬೇಡಿ ಮಾರಾಯ್ರೆ. ಇದು ಕುಣಿತ, ತೊಟ್ಟಿಲಲ್ಲ!"

ನಾನು ಸ್ಟೋರ್‌ಕೀಪರ್. ಮಾಷ್ಟ್ರು ಎನ್ನುವುದು ಅವರ ತಮಾಷೆ.

"ಯಲ್ಲಾ, ಸುರು ಮಾಡಿ. ಒಲೆ ಮೇಲೆ ಮೀನುಂಟು," ಎಂದು ಅರಬಿ ಬೆರೆಸಿ ಅವಸರಿಸಿದರು ಬಾಯಿ.

ನಾಲ್ಕೈದು ಸುತ್ತು ಸಲೀಸಾಗಿ ಹೋಯಿತು. ಆಮೇಲೆ ಸ್ವರಗಳು ಓಡತೊಡಗಿದವು... ಆ ಬೆರಳು ಬೀಳಬೇಕಾದ ಜಾಗದಲ್ಲಿ ಪೊರ್ಬುಗಳು ತಟ್ಟನೆ ನಿಂತರು. ಕಮಾನು ಕೆಳಗಿಳಿಸಿ "ಖಲಾಸ್" ಎಂದರಂತೆ.

ಕಣ್ಣು ಮುಚ್ಚಿಕೊಂಡಿದ್ದ ನನಗೆ ಅದು ಕೇಳಿಸಲೇ ಇಲ್ಲ. ಹಿರಿಯರ ಪಕ್ಕದಲ್ಲಿ ಕೂತು ಕಲಿತವನು ನಾನು. ವಿದ್ವಾಂಸರು ನಿಂತರೆಂದರೆ ಪಕ್ಕವಾದ್ಯದವನಿಗೆ ಬಿಟ್ಟುಕೊಟ್ಟರು ಎಂದೇ ಲೆಕ್ಕ. ಅವರು ಅರ್ಧಕ್ಕೆ ಬಿಟ್ಟ ಸಾಲನ್ನು ಎತ್ತಿಕೊಂಡು, ಅವರು ಬೇಡವೆಂದ ಗಮಕವನ್ನೇ ಧಾರಾಳ ಸುರಿದು ಮುಗಿಸಿದೆ.

"ಇದೆಲ್ಲಿ ಬರ್ದುಂಟು ಮಾಷ್ಟ್ರೇ?"

"ನೀವು ಬಿಟ್ಟುಕೊಟ್ರಲ್ಲ ಪೊರ್ಬುಗಳೇ, ನಾನು ಜವಾಬು ಕೊಟ್ಟೆ."

ಅವರು ಹೊಟ್ಟೆ ಕುಲುಕುವಂತೆ ನಕ್ಕರು. ನಗುತ್ತಲೇ, ನನ್ನ ತಪ್ಪು ತಿದ್ದುವ ಅವಸರದಲ್ಲಿ ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿ ತೋರಿಸಿದರು.

"ಬೆರಳು... ಒತ್ತಿತಲ್ಲ!" ಬಾಯಿ ಸೌಟು ಹಿಡಿದುಕೊಂಡೇ ಸೋಫಾದ ಮೇಲೆ ಕುಸಿದು ಕೂತರು.

ಪೊರ್ಬುಗಳು ತಮ್ಮ ಬೆರಳನ್ನು ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ನೋಡಿದರು. ಮೂವರ ಉಸಿರೂ ಒಟ್ಟಿಗೇ ಹಗುರಾಯಿತು. ಮೀನು ಸೀದುಹೋಗಿತ್ತು. ಅದನ್ನೇ ತಿಂದೆವು, ಅಷ್ಟು ರುಚಿಯಾದ ಊಟ ನನಗೆ ಬೇರೆ ನೆನಪಿಲ್ಲ.

ಮುಂದೆ ಅವರು ಊರಿಗೆ ಮರಳಿದರು. ಹೋದ ವರ್ಷ ತೀರಿಕೊಂಡರು. ಆಮೇಲೆ ಮನೆಗೆ ಹೋದಾಗ ಬಾಯಿ ಈ ರಾಳವನ್ನೂ ಅವರ ನೊಟೇಶನ್ ಹಾಳೆಗಳನ್ನೂ ನನ್ನ ಕೈಗಿಟ್ಟು, "ಒಬ್ಬರೇ ನುಡಿಸುವಾಗ್ಲೂ ಅವತ್ತು ನಿಂತಲ್ಲೇ ಒಂಚೂರು ನಿಲ್ತಿದ್ರು" ಎಂದಿದ್ದರು.

ಆ ಹಾಳೆಗಳನ್ನು ಬಿಡಿಸಿದ್ದು ಮೊನ್ನೆಯೇ. ಓದಲು ಬಾರದ ಚುಕ್ಕೆಗಳ ನಡುವೆ ಒಂದು ಕಡೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ ಬರೆದಿತ್ತು: 'ಮಾಷ್ಟ್ರು.'

ಚಾಪೆ ಹಾಸಿ ಕೂತು ಆ ಸಾಲನ್ನು ನುಡಿಸಿದೆ, ಗಮಕ ಸೇರಿಸಿಯೇ. ತಿದ್ದುವುದಕ್ಕೆ ಅವರಿರಲಿಲ್ಲ.