ದಾನೇಶ್ವರಿ ಫ್ರಿಜ್ ತೆರೆದಾಗ

ಇನ್ಸುಲಿನ್ ಬಾಟಲಿಗೆ ನೂರಾ ಅರವತ್ತು ರೂಪಾಯಿ. ತರಲು ಖಾನಾಪುರಕ್ಕೆ ಹೋದರೆ ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಅರ್ಧ ದಿನದ ಕೂಲಿ ಹೋಯಿತು. ಹಾಗಾಗಿ ಲೋಂಡಾ ರಸ್ತೆಯ ಈ ಹಳ್ಳಿಯ ಸಕ್ಕರೆ ಕಾಯಿಲೆಯವರಿಗೆಲ್ಲ ಸಿದರಾಯ ಅವರ ಔಷಧ ಅಂಗಡಿಯೇ ಗತಿ.

ಬೆಳಕು ಈಗಷ್ಟೇ ಹರಿದಿದೆ. ಸಿದರಾಯ ಶಟರ್ ಎತ್ತುವಾಗ ಔಷಧ ಪರಿವೀಕ್ಷಕಿ ದಾನೇಶ್ವರಿ ಬಾಗಿಲಲ್ಲೇ ನಿಂತಿದ್ದಾರೆ. ಬೆಳಗಾವಿಯ ಶಿವಬಸವ ನಗರದ ಮನೆ ಬಿಟ್ಟಾಗ ಇನ್ನೂ ಕತ್ತಲಿತ್ತು. ತಡವಾದರೆ ಕೆಲಸ ಕೆಟ್ಟಿತು. ಅವರು ಒಂದು ಅಂಗಡಿಗೆ ಕಾಲಿಟ್ಟರೆ ಫೋನಿನಲ್ಲಿ ಸುದ್ದಿ ಓಡಿ, ಉಳಿದ ಅಂಗಡಿಯವರ ಮನೆಯಲ್ಲೆಲ್ಲ ಒಮ್ಮೆಲೇ ಯಾರಿಗೋ ಹುಷಾರು ತಪ್ಪಿ ಶಟರ್ ಇಳಿಯುತ್ತದೆ.

"ದಿನಕ್ಕ ಒಂದ ಅಂಗಡಿ ಖರೇ ನೋಡಾಕ ಸಿಗತೈತ್ರಿ, ಮೊದಲನೇದು" ಎನ್ನುತ್ತಾರೆ. ಹತ್ತೊಂಬತ್ತು ವರ್ಷದ ನೌಕರಿ, ಆರುನೂರು ಅಂಗಡಿ, ಇಬ್ಬರ ಕೆಲಸಕ್ಕೆ ಒಬ್ಬರು. ತಮ್ಮ ಮೊಣಕಾಲು ನೋವಿಗೆ ಮಾತ್ರೆ ಕೊಳ್ಳಲು ಹೋದರೂ ಅಂಗಡಿಯವರು ಬೆವರುತ್ತಾರಂತೆ.

ಇಲ್ಲಿ ಬಿಲ್ಲು ಸರಿಯಿದೆ, ಅವಧಿ ಮೀರಿದ ಮಾತ್ರೆ ಒಂದೂ ಇಲ್ಲ. ಕೊನೆಗೆ ಫ್ರಿಜ್ ತೆರೆಯುತ್ತಾರೆ. ಇನ್ಸುಲಿನ್ ಬಾಟಲಿಗಳು ಐಸ್ ಕಟ್ಟುವ ಖಾನೆಯಲ್ಲಿ ಕಲ್ಲಾಗಿವೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

"ಮಳಿಗಾಲದಾಗ ಕರೆಂಟ್ ನಿಂದ್ರೂದಿಲ್ರೀ ಮೇಡಂ. ತಂಪ ಇರಲಿ ಅಂತ ಎರಡ ತಿಂಗಳಿಂದ ಮ್ಯಾಲಿನ ಖಾನೇದಾಗ ಇಟ್ಟೀನ್ರಿ" ಎನ್ನುತ್ತಾರೆ ಸಿದರಾಯ.

ದಾನೇಶ್ವರಿ ಸ್ಟೂಲಿನ ಮೇಲೆ ಕೂರುತ್ತಾರೆ. "ಕಳ್ಳನ್ನ ಹಿಡಿಯೂದು ಹಗುರ ರೀ. ಒಳ್ಳ್ಯಾಂವ ತಪ್ಪು ಮಾಡಿದರ ನೋಟಿಸ್ ಬರಿಯಾಕ ಕೈ ಏಳಂಗಿಲ್ಲ." ಆದರೂ ಬರೆಯುತ್ತಾರೆ.

ಅಷ್ಟರಲ್ಲಿ ಪದ್ಮವ್ವ ಎಂಬ ಅಜ್ಜಿ ಇನ್ಸುಲಿನ್ ಕೇಳಿಕೊಂಡು ಬರುತ್ತಾರೆ. ಎರಡು ತಿಂಗಳಿನಿಂದ ಸಕ್ಕರೆ ಇಳಿದಿಲ್ಲವೆಂದು ಡಾಕ್ಟರು ಡೋಸ್ ದುಪ್ಪಟ್ಟು ಮಾಡಿದ್ದಾರೆ. "ಕದ್ದು ಸಿಹಿ ತಿಂತಿ ಅಂತ ಡಾಕ್ಟರ್ ಬೈತಾರ್ರಿ, ಬಾಯಾರ. ಚಹಾಕ್ಕೂ ಸಕ್ರಿ ಹಾಕ್ಕೊಂಡಿಲ್ಲ ನಾ."

ದಾನೇಶ್ವರಿ ಬೆಚ್ಚುತ್ತಾರೆ. ಸತ್ತ ಔಷಧಕ್ಕೆ ಏರಿಸಿದ ಡೋಸ್ ಇದು. ಒಳ್ಳೆಯ ಇನ್ಸುಲಿನ್ ಇದೇ ಪ್ರಮಾಣದಲ್ಲಿ ಚುಚ್ಚಿಕೊಂಡರೆ ಸಕ್ಕರೆ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು. ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚುತ್ತಾರೆ. ಸಿದರಾಯ ಅವರತ್ತ ತಿರುಗಿ, "ಯಾರ್ಯಾರಿಗೆ ಕೊಟ್ಟೀರಿ, ಈಗಿಂದೀಗ ಮನಿಮನಿಗೆ ಹೋಗಿ ಹೇಳ್ರಿ. ಹೊಸಾ ಬಾಟಲಿ ಚುಚ್ಚಿಕೊಳ್ಳೂ ಮೊದಲ ಡಾಕ್ಟರ್‌ನ ಕೇಳಬೇಕು" ಎನ್ನುತ್ತಾರೆ.

ಪದ್ಮವ್ವ ದಾನೇಶ್ವರಿಯವರ ಸೆರಗು ಜಗ್ಗುತ್ತಾರೆ. "ನಾ ಸಿಹಿ ತಿಂದಿಲ್ಲ ಅಂತ ಫೋನಿನಾಗ ಹೇಳ್ರಿ ಯವ್ವಾ."

ದಾನೇಶ್ವರಿ ಅದನ್ನೂ ಹೇಳುತ್ತಾರೆ.

ಸಿದರಾಯ ಒಂಬತ್ತು ಬಾಟಲಿ ಕಳೆದುಕೊಂಡರು, ಊರಿನ ನಂಬಿಕೆಯನ್ನೂ ಒಂದಿಷ್ಟು. ಪದ್ಮವ್ವನ ಡೋಸ್ ಮೊದಲಿನಷ್ಟಕ್ಕೆ ಇಳಿಯಿತು. ಸುಳ್ಳಿ ಎಂಬ ಹೆಸರೂ ಹೋಯಿತು.